ನಿಮ್ಮ ತಮ್ಮನಿಗೆ ಯಾವುದರಲ್ಲಿ ಪ್ರತಿಭೆ?

ನನಗೆ ಆಟಿಸಂ ಇರುವ ತಮ್ಮನಿದ್ದಾನೆ ಎಂದು ಗೊತ್ತಾದ ಕೂಡಲೇ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಹೌದೇ? ಅವರಿಗೆ ಯಾವುದರಲ್ಲಿ ಪ್ರತಿಭೆ?’ ಕೆಲವರು ಊಹೆಗಳನ್ನೂ ಮುಂದಿಡುತ್ತಾರೆ. ಲೆಕ್ಕವೇ, ಸಂಗೀತವೇ, ಯಾವ ತಾರೀಖು ಯಾವ ವಾರ ಬರುತ್ತದೆಂದು ಥಟ್ಟನೆ ಹೇಳುವುದೇ? ಕೇಳುವವರ ಮನಸ್ಸು ಒಳ್ಳೆಯದೇ. ಕುತೂಹಲದ ಜೊತೆಗೆ, ನನಗೊಂದು ಸಮಾಧಾನದ ಮಾತು ಹೇಳಬೇಕೆಂಬ ಆಸೆಯೂ ಅವರ ಮುಖದಲ್ಲಿ ಕಾಣುತ್ತದೆ. ಬಹಳ ವರ್ಷ ನಾನು ‘ಅವನಿಗೆ ಹಾಡು ಕೇಳುವುದೆಂದರೆ ತುಂಬ ಇಷ್ಟ’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಇಷ್ಟವನ್ನು ಪ್ರತಿಭೆಯೆಂದು ಅವರು ಅರ್ಥ ಮಾಡಿಕೊಂಡು ಸಂತೋಷಪಡುತ್ತಿದ್ದರು. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಆ ಉತ್ತರದಲ್ಲಿ ನನ್ನ ತಮ್ಮ ಇರಲೇ ಇಲ್ಲ.

ಅವನಿಗೆ ಈಗ 34 ವರ್ಷ. ಬಾಯಿಂದ ಆಡುವ ಮಾತುಗಳು ಇಪ್ಪತ್ತನ್ನು ದಾಟುವುದಿಲ್ಲ. ಅವುಗಳಲ್ಲಿ ‘ಅಕ್ಕ’ ಒಂದು. ಉಳಿದದ್ದನ್ನೆಲ್ಲ ಟ್ಯಾಬ್ಲೆಟ್‌ನಲ್ಲಿರುವ ಚಿತ್ರಗಳನ್ನು ಒತ್ತಿ ಹೇಳುತ್ತಾನೆ. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳುವುದಕ್ಕೆ, ರಸ್ತೆ ದಾಟುವುದಕ್ಕೆ ಒಬ್ಬರು ಜೊತೆಗಿರಬೇಕು. ಮೂರ್ಛೆರೋಗವೂ ಇರುವುದರಿಂದ ರಾತ್ರಿ ಅವನ ಕೋಣೆಯಲ್ಲಿ ಯಾರಾದರೂ ಮಲಗುತ್ತೇವೆ.

ಉಗುರು ಕತ್ತರಿಸುವುದನ್ನೇ ನೋಡಿ. ನೇಲ್‌ಕಟರಿನ ‘ಚಿಟ್’ ಎಂಬ ಸದ್ದು, ಬೆರಳ ತುದಿಯ ಮೇಲೆ ಬೀಳುವ ಒತ್ತಡ, ಎರಡನ್ನೂ ಅವನಿಗೆ ಸಹಿಸಲಾಗುವುದಿಲ್ಲ. ಅವನು ಚಿಕ್ಕವನಿದ್ದಾಗ ಇಬ್ಬರು ಹಿಡಿದುಕೊಂಡು ಮೂರನೆಯವರು ಕತ್ತರಿಸುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗ ರಾತ್ರಿಗೆ ಒಂದೇ ಬೆರಳು. ನಾನು ನೇಲ್‌ಕಟರನ್ನು ತೋರಿಸಿ ಮೊಣಕಾಲ ಮೇಲೆ ಟವೆಲ್ ಹಾಸುತ್ತೇನೆ. ಅವನು ನಿನ್ನೆಯ ಬೆರಳಿನ ಪಕ್ಕದ ಬೆರಳನ್ನು ಚಾಚಿ, ಮುಖವನ್ನು ಗೋಡೆಯತ್ತ ತಿರುಗಿಸಿ, ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ. ಕತ್ತರಿಸಿದ ಮರುಕ್ಷಣ ಟ್ಯಾಬ್ಲೆಟ್‌ನಲ್ಲಿ ‘ಆಯಿತು’ ಎಂಬ ಚಿತ್ರವನ್ನು ಒತ್ತುತ್ತಾನೆ. ಕಷ್ಟವಾದ ದಿನ ಮೂರು ಸಲ ಒತ್ತುತ್ತಾನೆ. ಕೈಯ ಹತ್ತು, ಕಾಲಿನ ಹತ್ತು ಮುಗಿಯುವಾಗ ಇಪ್ಪತ್ತು ರಾತ್ರಿ ಕಳೆದು, ಮೊದಲ ಬೆರಳಿನ ಉಗುರು ಮತ್ತೆ ಬೆಳೆದಿರುತ್ತದೆ. ಈ ಕ್ರಮ ಕೂಡಿಬರಲು ನಮಗಿಬ್ಬರಿಗೂ ಎರಡು ವರ್ಷ ಹಿಡಿಯಿತು. ಯಾವುದರಲ್ಲಿ ಪ್ರತಿಭೆ ಎಂದು ಕೇಳುವವರಿಗೆ ಇದನ್ನು ಹೇಳಿದರೆ ಏನು ಹೇಳಬೇಕೆಂದು ತೋಚದೆ ಸುಮ್ಮನಾಗುತ್ತಾರೆ.

ಆ ಪ್ರಶ್ನೆಯ ಬೇರು ಬಹುಮಟ್ಟಿಗೆ 1988ರ ‘ರೇನ್ ಮ್ಯಾನ್’ ಚಿತ್ರದಲ್ಲಿದೆ. ನೆಲಕ್ಕೆ ಚೆಲ್ಲಿದ ಕಡ್ಡಿಗಳನ್ನು ನೋಡುತ್ತಲೇ ಎಣಿಸಿಬಿಡುವ ರೇಮಂಡ್ ಎಂಬ ಪಾತ್ರ, ಅದಕ್ಕಾಗಿ ಡಸ್ಟಿನ್ ಹಾಫ್‌ಮನ್‌ಗೆ ಬಂದ ಆಸ್ಕರ್ ಪ್ರಶಸ್ತಿ. ಆಟಿಸಂ ಎಂಬ ಪದವನ್ನೇ ಕೇಳಿರದ ಕೋಟ್ಯಂತರ ಜನರಿಗೆ ಅದೇ ಮೊದಲ ಪರಿಚಯ. ಆ ಚಿತ್ರವನ್ನು ಈಚೆಗೆ ಮತ್ತೆ ನೋಡಿದಾಗ ನನಗೆ ಆಶ್ಚರ್ಯವಾಯಿತು. ರೇಮಂಡ್ ಕಥೆಯ ಆರಂಭದಲ್ಲಿ ಒಂದು ಆರೈಕೆ ಸಂಸ್ಥೆಯಲ್ಲಿರುತ್ತಾನೆ, ಕೊನೆಗೆ ಅಲ್ಲಿಗೇ ಹಿಂತಿರುಗುತ್ತಾನೆ. ಅವನಿಗೆ ದಿನವಿಡೀ ನೆರವು ಬೇಕು ಎಂಬುದು ಚಿತ್ರದಲ್ಲೇ ಸ್ಪಷ್ಟವಾಗಿದೆ. ನೋಡಿದವರ ನೆನಪಿನಲ್ಲಿ ಕಡ್ಡಿಗಳ ಎಣಿಕೆ ಉಳಿಯಿತು, ಹಿಂತಿರುಗುವ ರೈಲು ಉಳಿಯಲಿಲ್ಲ.

ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರ ಬದುಕಿನಲ್ಲಿಯೂ ಇದೇ ಆಗಿದೆ. ಸಾವಿರಾರು ಪುಸ್ತಕಗಳನ್ನು ಬಾಯಿಪಾಠ ಒಪ್ಪಿಸಬಲ್ಲವರಾಗಿದ್ದ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗಿತ್ತು. ದಿನನಿತ್ಯದ ಆರೈಕೆಯನ್ನು ಅವರ ತಂದೆ ಮಾಡುತ್ತಿದ್ದರು. ಅವರಿಗೆ ಇದ್ದದ್ದು ಆಟಿಸಂ ಅಲ್ಲ, ಬೇರೊಂದು ಜನ್ಮಜಾತ ಸ್ಥಿತಿ ಎಂಬುದು ನಂತರದ ತಜ್ಞರ ಅಭಿಪ್ರಾಯ. ಅವರ ನೆನಪಿನ ಶಕ್ತಿಯ ಬಗ್ಗೆ ನೂರು ಕಡೆ ಓದಿದ್ದೇನೆ. ಆ ತಂದೆಯ ಕೈಗಳ ಬಗ್ಗೆ ಓದಿದ್ದು ಬಹಳ ಕಡಿಮೆ.

ಅಸಾಧಾರಣ ಪ್ರತಿಭೆ ಆಟಿಸಂ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರಬಹುದೆಂಬ ಹಳೆಯ ಅಂದಾಜೊಂದಿದೆ. ಅದನ್ನೇ ಹಿಡಿದರೂ ಉಳಿದ ಒಂಬತ್ತು ಜನ ಪರದೆಯ ಮೇಲೆ ಎಲ್ಲಿದ್ದಾರೆ? ಇಂದಿನ ಧಾರಾವಾಹಿಗಳಲ್ಲಿ ಬರುವವರು ಹೆಚ್ಚಾಗಿ ವೈದ್ಯರು, ವಕೀಲರು, ಪತ್ತೇದಾರರು. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದಿಲ್ಲ, ಒರಟಾಗಿ ಸತ್ಯ ಹೇಳುತ್ತಾರೆ, ಕೊನೆಗೆ ಎಲ್ಲರಿಗಿಂತ ಮೊದಲು ಉತ್ತರ ಕಂಡುಹಿಡಿದು ಎಲ್ಲರ ಕ್ಷಮೆ ಗಳಿಸುತ್ತಾರೆ. ಉತ್ತರ ಕಂಡುಹಿಡಿಯದಿದ್ದರೆ ಅವರನ್ನು ಯಾರಾದರೂ ಒಪ್ಪಿಕೊಳ್ಳುತ್ತಿದ್ದರೇ ಎಂಬ ಪ್ರಶ್ನೆ ನನ್ನನ್ನು ಪ್ರತಿಸಲ ಕಾಡುತ್ತದೆ.

ಈ ಆಯ್ಕೆ ಸಿನಿಮಾದಿಂದಲೇ ಶುರುವಾದದ್ದೂ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಆಟಿಸಂ ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ ಹನ್ನೊಂದು ಮಕ್ಕಳ ವಿವರವಿದೆ. ಅವರಲ್ಲಿ ಎಂಟು ಮಕ್ಕಳು ಮಾತು ಕಲಿತಿದ್ದರು, ಮೂವರು ಮಾತನಾಡುತ್ತಿರಲಿಲ್ಲ. ಮೊದಲನೆಯ ಮಗು ಡೊನಾಲ್ಡ್ ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ದೇಶ ಸುತ್ತಿದರು, 2023ರಲ್ಲಿ ತೀರಿಕೊಂಡಾಗ ಜಗತ್ತಿನ ದೊಡ್ಡ ಪತ್ರಿಕೆಗಳು ಅವರ ಬಗ್ಗೆ ಬರೆದವು. ಹನ್ನೊಂದು ಮಂದಿ ಏನಾದರೆಂದು ಕ್ಯಾನರ್ 1971ರಲ್ಲಿ ಮತ್ತೆ ಹುಡುಕಿ ಬರೆದಿದ್ದಾರೆ. ಹಲವರು ಸರ್ಕಾರಿ ಆಸ್ಪತ್ರೆಗಳಲ್ಲಿ, ಸಂಸ್ಥೆಗಳಲ್ಲಿ ಬದುಕು ಕಳೆದಿದ್ದರು. ಅಂಥ ಆಸ್ಪತ್ರೆಗೆ ಸೇರುವುದು ಜೀವಾವಧಿ ಶಿಕ್ಷೆಗೆ ಸಮಾನವಾಗಿತ್ತೆಂಬ ಅರ್ಥದ ಮಾತನ್ನು ಅವರೇ ಬರೆದರು. ಡೊನಾಲ್ಡ್ ಅವರ ಹಿಂದೆ ಅವರಿಗಾಗಿ ವ್ಯವಸ್ಥೆ ಮಾಡಿಟ್ಟ ಅನುಕೂಲಸ್ಥ ಕುಟುಂಬವಿತ್ತು, ಅವರನ್ನು ತಮ್ಮವರೆಂದುಕೊಂಡ ಊರಿತ್ತು. ಒಬ್ಬರ ಬದುಕು ಹೀಗೆ, ಇನ್ನೊಬ್ಬರದು ಹಾಗೆ ಆದದ್ದರಲ್ಲಿ ಮಿದುಳಿನ ಪಾತ್ರ ಎಷ್ಟು, ಸಿಕ್ಕ ಆಸರೆಯ ಪಾತ್ರ ಎಷ್ಟು ಎಂದು ನಾನು ಮತ್ತೆಮತ್ತೆ ಯೋಚಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನದ ಕಾರ್ಯಕ್ರಮಕ್ಕೆ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಒಂದು ವಾಹಿನಿಯವರು ಚಿತ್ರೀಕರಣಕ್ಕೆ ಬಂದಿದ್ದರು. ತಮ್ಮ ಅಂದು ತುಂಬ ಖುಷಿಯಲ್ಲಿದ್ದ. ಖುಷಿಯಾದಾಗ ಅವನು ಎರಡೂ ಕೈಗಳನ್ನು ಎದೆಯ ಮಟ್ಟದಲ್ಲಿ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಾನೆ, ಗಂಟಲಿನಿಂದ ಒಂದು ಉದ್ದನೆಯ ನಾದ ಹೊರಡಿಸುತ್ತಾನೆ. ಕ್ಯಾಮೆರಾದವರು ಬಳಿಗೆ ಬಂದು ನನ್ನನ್ನು ಕೇಳಿದರು: ‘ಇವರು ಏನಾದರೂ ಮಾಡುತ್ತಾರೆಯೇ, ಮೇಡಂ?’ ನಾನು ಹೇಳಿದೆ: ‘ಮಾಡುತ್ತಿದ್ದಾನಲ್ಲ, ಖುಷಿಪಡುತ್ತಿದ್ದಾನೆ.’ ಅವರು ತಲೆಯಾಡಿಸಿ, ಕೀಬೋರ್ಡ್ ನುಡಿಸುತ್ತಿದ್ದ ಹುಡುಗನ ಕಡೆಗೆ ಹೋದರು. ಆ ಹುಡುಗ ಚೆನ್ನಾಗಿ ನುಡಿಸಿದ, ಅವನನ್ನು ತೋರಿಸಿದ್ದು ಸರಿಯೇ. ಸಂಜೆಯ ಎರಡು ನಿಮಿಷದ ವರದಿಯಲ್ಲಿ ಅವನೊಬ್ಬನೇ ಇದ್ದ.

ನನ್ನ ತಮ್ಮನಂಥವರು ಕಾಣಿಸಿಕೊಳ್ಳುವುದೇ ಇಲ್ಲವೆಂದು ಹೇಳಲಾರೆ. ಕಾಣಿಸಿಕೊಂಡಾಗ ಎರಡೇ ವೇಷ: ಒಂದೋ ತಾಯಿಯ ಬೆನ್ನು ಮುರಿಯುವ ಹೊರೆ, ಇಲ್ಲವೇ ಕಪಟವರಿಯದ ದೇವರ ಮಗು. ಮೂರನೆಯದೊಂದು ಇತ್ತೀಚೆಗೆ ಸೇರಿಕೊಂಡಿದೆ. ಮಾತಿಲ್ಲದವನ ಒಳಗೆ ಒಬ್ಬ ಮಹಾಜ್ಞಾನಿ ಬಂಧಿಯಾಗಿದ್ದಾನೆ, ಯಾರೋ ಒಂದು ದಿನ ಬೀಗ ತೆಗೆಯುತ್ತಾರೆ ಎಂಬ ಕಥೆ. ಟೈಪ್ ಮಾಡಿ, ಚಿತ್ರ ಒತ್ತಿ ಸ್ವತಂತ್ರವಾಗಿ ತಮ್ಮ ಮನಸ್ಸನ್ನು ತೋಡಿಕೊಳ್ಳುವ, ಮಾತನಾಡದ ಜನರಿದ್ದಾರೆ; ಅವರಿಗೆ ಆ ಸಾಧನ ಚಿಕ್ಕಂದಿನಲ್ಲೇ ಸಿಗಬೇಕು. ಆದರೆ ಬೇರೆಯವರು ಕೈ ಹಿಡಿದು ಟೈಪ್ ಮಾಡಿಸುವ ವಿಧಾನವನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ, ಬಂದ ಮಾತುಗಳು ಕೈ ಹಿಡಿದವರದೇ ಎಂದು ಮತ್ತೆಮತ್ತೆ ಗೊತ್ತಾಗಿದೆ. ನನ್ನ ತಮ್ಮನ ಒಳಗೆ ಇನ್ನೊಬ್ಬ ತಮ್ಮನಿಲ್ಲ. ಬೆರಳು ಚಾಚಿ ಗೋಡೆ ನೋಡುತ್ತಾ ಕುಳಿತವನೇ ಅವನು, ಪೂರ್ತಿಯಾಗಿ.

ಇಷ್ಟು ಹೇಳಿದರೆ ಕೆಲವರು, ಹಾಗಾದರೆ ಚೆನ್ನಾಗಿ ಮಾತನಾಡುವವರಿಗೆ ಈ ಚಿತ್ರಣಗಳಿಂದ ಲಾಭವಾಗಿದೆಯಲ್ಲ ಎನ್ನುತ್ತಾರೆ. ಹಾಗೇನೂ ಇಲ್ಲ. ನನ್ನ ಗೆಳತಿಯೊಬ್ಬಳಿಗೆ 36ನೇ ವಯಸ್ಸಿನಲ್ಲಿ ಆಟಿಸಂ ಇರುವುದು ತಿಳಿಯಿತು. ಅವಳು ಅನುವಾದಕಿ, ಎರಡು ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡುತ್ತಾಳೆ. ಒಂದು ಗಂಟೆಯ ಸಭೆ ಮುಗಿಸಿ ಮನೆಗೆ ಬಂದರೆ ಮೂರು ಗಂಟೆ ಕತ್ತಲ ಕೋಣೆಯಲ್ಲಿ ಮಲಗಿರುತ್ತಾಳೆ. ಅಪರಿಚಿತರಿಗೆ ಫೋನ್ ಮಾಡಬೇಕಾದಲ್ಲಿ ಅವಳ ಅಕ್ಕ ಮಾಡುತ್ತಾರೆ, ಬಿಲ್ಲುಗಳನ್ನು ಅಕ್ಕನೇ ಕಟ್ಟುತ್ತಾರೆ. ಕಚೇರಿಯಲ್ಲಿ ವಿಷಯ ತಿಳಿಸಿದಾಗ ಅವಳಿಗೆ ಸಿಕ್ಕ ಉತ್ತರ: ‘ನಿಮ್ಮನ್ನು ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ.’ ಅವಳಲ್ಲಿ ಅವರು ರೇಮಂಡನನ್ನು ಹುಡುಕಿದರು, ಸಿಗಲಿಲ್ಲ. ನನ್ನ ತಮ್ಮನನ್ನು ಚೌಕಟ್ಟಿನಿಂದ ಹೊರಗಿಟ್ಟ ಅಳತೆಗೋಲೇ ಅವಳಿಗೆ ನೆರವು ಬೇಡವೆಂದು ತೀರ್ಮಾನಿಸಿತು. ಅವರಿಬ್ಬರೂ ಒಂದೇ ಸೋಫಾದ ಎರಡು ತುದಿಗಳಲ್ಲಿ ಕುಳಿತು, ಒಬ್ಬರನ್ನೊಬ್ಬರು ನೋಡದೆ, ಅರ್ಧ ಗಂಟೆ ನೆಮ್ಮದಿಯಾಗಿ ಇದ್ದದ್ದನ್ನು ನಾನು ನೋಡಿದ್ದೇನೆ.

ಡಿಎಸ್ಎಂ-5 ಎಂಬ ಅಮೆರಿಕದ ಮನೋವೈದ್ಯಕೀಯ ಕೈಪಿಡಿ 2013ರಲ್ಲಿ ಆಸ್ಪರ್ಗರ್ ಸಿಂಡ್ರೋಮ್ ಮುಂತಾಗಿ ಆಟಿಸಂನ ಬಗೆಗಳಿಗಿದ್ದ ಬೇರೆ ಬೇರೆ ಹೆಸರುಗಳನ್ನೆಲ್ಲ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂಬ ಒಂದೇ ಹೆಸರಿನಡಿ ತಂದಿತು. ಜೊತೆಗೆ ಮೂರು ಹಂತಗಳನ್ನು ಹೇಳಿತು: ನೆರವು ಬೇಕು, ಗಣನೀಯ ನೆರವು ಬೇಕು, ಅತಿ ಗಣನೀಯ ನೆರವು ಬೇಕು. ಈ ಹಂತಗಳು ಅಳೆಯುವುದು ಬೇಕಾದ ನೆರವನ್ನು, ಮೂರರಲ್ಲಿ ಯಾವುದರಲ್ಲೂ ‘ನೆರವು ಬೇಡ’ ಎಂದಿಲ್ಲ. ಸಂವಹನಕ್ಕೆ ಒಂದು, ಪುನರಾವರ್ತಿತ ವರ್ತನೆಗೆ ಇನ್ನೊಂದು ಎಂದು ಎರಡು ಹಂತಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು; ಸಂದರ್ಭ ಬದಲಾದಂತೆ, ಕಾಲ ಸರಿದಂತೆ ಅವು ಬದಲಾಗಬಹುದು. ಒಳ್ಳೆಯ ನಿದ್ದೆಯಾದ ದಿನ ತಮ್ಮ ತಾನೇ ಅಂಗಿ ಹಾಕಿಕೊಳ್ಳುತ್ತಾನೆ. ಮೂರ್ಛೆ ಬಂದ ಮರುದಿನ ಲೋಟ ಹಿಡಿಯುವುದಕ್ಕೂ ಆಗುವುದಿಲ್ಲ.

2021ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವೊಂದು ‘ಗಾಢ ಆಟಿಸಂ’ ಎನ್ನಬಹುದಾದ ಪದವನ್ನು ಸೂಚಿಸಿತು. ಇಪ್ಪತ್ತನಾಲ್ಕು ಗಂಟೆಯೂ ವಯಸ್ಕರೊಬ್ಬರ ಆಸರೆ ಬೇಕಾದ, ತೀವ್ರ ಬೌದ್ಧಿಕ ಅಸಾಮರ್ಥ್ಯವಿರುವ ಅಥವಾ ಮಾತು ತೀರಾ ಕಡಿಮೆಯಿರುವವರಿಗಾಗಿ ಈ ಪದ. ಅಮೆರಿಕದ ಎಂಟು ವರ್ಷದ ಮಕ್ಕಳ ದಾಖಲೆಗಳನ್ನು ಆ ವ್ಯಾಖ್ಯೆಯಿಂದ ನೋಡಿದ 2023ರ ಅಧ್ಯಯನದಲ್ಲಿ, ಆಟಿಸಂ ಇರುವವರ ಪೈಕಿ ಶೇ 26.7ರಷ್ಟು ಮಕ್ಕಳು ಇದರೊಳಗೆ ಬಂದರು. ಹಲವು ಪೋಷಕರು ಈ ಪದವನ್ನು ಸ್ವಾಗತಿಸಿದರು; ಆಟಿಸಂ ಇರುವ ಹಲವು ಹೋರಾಟಗಾರರು, ಇದು ಜನರನ್ನು ಎರಡು ಡಬ್ಬಿಗಳಿಗೆ ಹಾಕುತ್ತದೆ, ಗಾಢ ಎಂದು ಬರೆಸಿಕೊಂಡವರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ ಎಂದು ವಿರೋಧಿಸಿದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ನಾನು ಆ ಪದದ ಪರವಾಗಿಯೇ ಇದ್ದೇನೆ. ಹೆಸರಿಲ್ಲದವರು ಲೆಕ್ಕಕ್ಕೆ ಸಿಗುವುದಿಲ್ಲ. 2016ರಲ್ಲಿ ಪ್ರಕಟವಾದ ಆಟಿಸಂ ಸಂಶೋಧನೆಗಳನ್ನು ಪರಿಶೀಲಿಸಿದ ಒಂದು ವಿಮರ್ಶೆಯ ಪ್ರಕಾರ, ಅವುಗಳಲ್ಲಿ ಭಾಗವಹಿಸಿದ ಆಟಿಸಂ ಇರುವವರಲ್ಲಿ ಶೇ 94ರಷ್ಟು ಜನರಿಗೆ ಬೌದ್ಧಿಕ ಅಸಾಮರ್ಥ್ಯ ಇರಲಿಲ್ಲ. ವಿಜ್ಞಾನವೇ ನನ್ನ ತಮ್ಮನನ್ನು ಒಳಗೆ ಬಿಟ್ಟುಕೊಳ್ಳದಿದ್ದಾಗ ಸಿನಿಮಾದವರನ್ನು ಮಾತ್ರ ಬೈದು ಏನು ಪ್ರಯೋಜನ?

ಹಾಗೆಂದು ಎಲ್ಲವನ್ನೂ ತೋರಿಸಬೇಕೆಂದು ನಾನು ಹೇಳುವುದಿಲ್ಲ. ಮಕ್ಕಳು ತಲೆ ಚಚ್ಚಿಕೊಳ್ಳುವ, ಕಿರುಚುವ ವಿಡಿಯೊಗಳನ್ನು ಹೆತ್ತವರೇ ಹಂಚಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮ ಕಷ್ಟ ಯಾರಿಗೂ ಕಾಣುತ್ತಿಲ್ಲ ಎಂಬ ಅವರ ನೋವು ಸುಳ್ಳಲ್ಲ. ಒಂದು ಸಲ ವೈದ್ಯರಿಗೆ ತೋರಿಸಲು ನಾನೂ ಮೊಬೈಲಿನಲ್ಲಿ ಅಂಥದ್ದನ್ನು ಚಿತ್ರೀಕರಿಸಿದ್ದೆ. ಆ ನಲವತ್ತು ಸೆಕೆಂಡುಗಳಲ್ಲಿ ತಮ್ಮ ಎರಡು ಸಲ ನನ್ನ ಕಡೆಗೆ ಕೈ ಚಾಚಿದ್ದಾನೆ. ನನ್ನ ಕೈಯಲ್ಲಿ ಫೋನಿತ್ತು. ವೈದ್ಯರಿಗೆ ತೋರಿಸಿದ ಮೇಲೆ ಅದನ್ನು ಅಳಿಸಿಹಾಕಿದೆ, ಮತ್ತೆಂದೂ ಹಾಗೆ ಚಿತ್ರೀಕರಿಸಿಲ್ಲ.

ತೋರಿಸಬೇಕಾದದ್ದು ಆಸರೆಯನ್ನು. ಆಟಿಸಂ ಇರುವ ವೈದ್ಯ ನಾಯಕನಿಗೆ ಬೆಳಗ್ಗೆ ಬಟ್ಟೆ ಎತ್ತಿಡುವವರು ಯಾರು, ಅವನು ಕುಸಿದ ದಿನ ಬಾಗಿಲ ಹೊರಗೆ ಕಾಯುವವರು ಯಾರು ಎಂಬುದನ್ನು ತೋರಿಸಿದರೆ ನನ್ನ ಗೆಳತಿಯ ಮಾತನ್ನು ಕಚೇರಿಯವರು ನಂಬುತ್ತಾರೆ. ದಿನವಿಡೀ ನೆರವು ಬೇಕಾದವನ ಕಥೆಯಲ್ಲಿ ಆ ನೆರವಿನ ಎರಡೂ ತುದಿಗಳನ್ನು, ಕೊಡುವವರನ್ನೂ ಪಡೆಯುವವನನ್ನೂ ಒಟ್ಟಿಗೆ ತೋರಿಸಿದರೆ ಹೊರೆಯೂ ದೇವರೂ ಮರೆಯಾಗಿ ಮನುಷ್ಯ ಕಾಣುತ್ತಾನೆ. ಅನಿಮೇಷನ್ ಸಂಸ್ಥೆ ಪಿಕ್ಸಾರ್ 2020ರಲ್ಲಿ ಹೊರತಂದ ‘ಲೂಪ್’ ಎಂಬ ಪುಟ್ಟ ಚಿತ್ರದಲ್ಲಿ ಇದು ಸಾಧ್ಯವಾಗಿದೆ. ಮಾತನಾಡದ ರೆನೀ ಎಂಬ ಹುಡುಗಿ, ಸದಾ ಮಾತನಾಡುವ ಹುಡುಗ, ಇಬ್ಬರೂ ಒಂದೇ ದೋಣಿಯಲ್ಲಿ. ಅವಳಿಗೆ ಯಾವ ಅದ್ಭುತ ಶಕ್ತಿಯೂ ಇಲ್ಲ. ಅವನು ಕಾಯುವುದನ್ನು ಕಲಿಯುತ್ತಾನೆ. ರೆನೀಗೆ ದನಿ ಕೊಟ್ಟವರೂ ಮಾತನಾಡದ, ಆಟಿಸಂ ಇರುವ ಯುವತಿಯೇ.

ಕಳೆದ ತಿಂಗಳು ರಂಗಭೂಮಿಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಆಟಿಸಂ ಇರುವ ಪಾತ್ರವೊಂದನ್ನು ಬರೆಯುತ್ತಿದ್ದಾಳಂತೆ. ಅವಳೂ ಅದೇ ಪ್ರಶ್ನೆ ಕೇಳಿದಳು. ರಾತ್ರಿಯವರೆಗೆ ಇರು ಎಂದೆ. ಅಂದು ಎಡಗೈಯ ಉಂಗುರ ಬೆರಳಿನ ಸರದಿ. ಅವಳು ಮೂಲೆಯಲ್ಲಿ ಕುಳಿತಿದ್ದಳು. ಹೊಸಬರಿದ್ದುದರಿಂದ ತಮ್ಮ ಐದು ನಿಮಿಷ ಕೈ ಕೊಡಲಿಲ್ಲ. ನಾನು ಟವೆಲ್ ಹಾಸಿಕೊಂಡು ಸುಮ್ಮನೆ ಕುಳಿತೆ. ಆಮೇಲೆ ಬೆರಳು ಬಂತು, ಚಿಟ್ ಎಂದಿತು, ಅವನು ‘ಆಯಿತು’ ಒತ್ತಿದ. ಒಂದೇ ಸಲ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ‘ನಾಳೆ ಕಿರುಬೆರಳೇ?’ ಎಂದು ಕೇಳಿದಳು. ಹೌದು ಎಂದೆ.