ಒಂದು ವಿಳಾಸ, 98 ಕೊಮ್ಯೂನ್‌ಗಳು

ಡೆನ್ಮಾರ್ಕ್‌ನಲ್ಲಿ ಮನೆ ಬದಲಿಸಿದರೆ ಸರ್ಕಾರಕ್ಕೆ ಒಂದೇ ಸಲ ತಿಳಿಸಿದರೆ ಸಾಕು. ಹೊಸ ಮನೆಗೆ ಹೋದ 5 ದಿನದೊಳಗೆ ಆನ್‌ಲೈನ್‌ನಲ್ಲಿ ಒಂದು ಫಾರಂ ತುಂಬಬೇಕು. ತೆರಿಗೆ ಇಲಾಖೆಗೆ ಬೇರೆ ಅರ್ಜಿ ಇಲ್ಲ, ಮತದಾರರ ಪಟ್ಟಿಗೆ ಬೇರೆ ಅರ್ಜಿ ಇಲ್ಲ. ಹೊಸ ವಿಳಾಸ ಇರುವ ಹಳದಿ ಆರೋಗ್ಯ ಕಾರ್ಡ್ ತಾನಾಗೇ ಅಂಚೆಯಲ್ಲಿ ಬರುತ್ತದೆ. ಊರಿನ ಗೆಳೆಯರಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಎಲ್ಲರ ಡೇಟಾನೂ ಒಂದೇ ಕಡೆ ಗುಡ್ಡೆ ಹಾಕಿದ್ದಾರಾ?" ಅಂತ ಕೇಳುತ್ತಾರೆ. ಹಾಗೆ ಹಾಕಿಲ್ಲ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನು ದಿನವೂ ಮಾಡುವ ಕೆಲಸ ಅದೇ.

ಇಲ್ಲಿನ ಸ್ಥಳೀಯ ಸರ್ಕಾರಕ್ಕೆ ಕೊಮ್ಯೂನ್ ಅನ್ನುತ್ತಾರೆ. ಶಾಲೆ, ಶಿಶುವಿಹಾರ, ವಯಸ್ಸಾದವರ ಆರೈಕೆ, ಕೆಲಸ ಇಲ್ಲದವರಿಗೆ ನೆರವು, ರಸ್ತೆ, ಕಸ ಎಲ್ಲವೂ ಅದರ ಹೆಗಲ ಮೇಲೆ. ಮೊದಲು 271 ಕೊಮ್ಯೂನ್ ಇದ್ದವು. 2007ರ ಜನವರಿ 1ರಂದು ಅವನ್ನು ಒಗ್ಗೂಡಿಸಿ 98 ಮಾಡಿದರು. ಕೋಪನ್‌ಹೇಗನ್‌ನಂಥ ದೊಡ್ಡದೂ ಇದೆ, ಕೆಲವೇ ಸಾವಿರ ಜನರ ಪುಟ್ಟ ದ್ವೀಪವೂ ಇದೆ. ಕಾನೂನು ಎಲ್ಲರಿಗೂ ಒಂದೇ, ಆದರೆ ಪ್ರತಿಯೊಂದಕ್ಕೂ ಅದರದೇ ಕೌನ್ಸಿಲ್, ಅದರದೇ ಬಜೆಟ್, ಅದರದೇ ಸಾಫ್ಟ್‌ವೇರ್. ಇವೆಲ್ಲ ಒಂದೇ ಡೇಟಾ ಹಂಚಿಕೊಳ್ಳಬೇಕು.

ನನಗೆ ಇಲ್ಲಿ ತುಂಬಾ ಹಿಡಿಸಿದ್ದು ಒಂದು ಸರಳ ನಿಯಮ. ಪ್ರತಿ ಸಂಗತಿಗೂ ಒಬ್ಬರೇ ಹೊಣೆಗಾರರು. ವ್ಯಕ್ತಿಗಳ ವಿವರ 1968ರಲ್ಲಿ ಶುರುವಾದ ಸಿಪಿಆರ್ ನೋಂದಣಿಯಲ್ಲಿ, ಅಂದರೆ ಪ್ರತಿಯೊಬ್ಬರಿಗೂ ಒಂದು ಗುರುತಿನ ನಂಬರ್ ಕೊಡುವ ದೇಶದ ಜನರ ಪಟ್ಟಿಯಲ್ಲಿ. ಕಟ್ಟಡಗಳ ವಿವರ ಇನ್ನೊಂದರಲ್ಲಿ, ವಿಳಾಸಗಳದ್ದು ಮತ್ತೊಂದರಲ್ಲಿ. ಬೇರೆಯವರು ನಕಲು ಇಟ್ಟುಕೊಳ್ಳಬಹುದು, ಆದರೆ ಅದನ್ನು ತಿದ್ದುವ ಹಾಗಿಲ್ಲ. ತಪ್ಪು ಕಂಡರೆ ಮೂಲಕ್ಕೇ ಹೋಗಬೇಕು. ವಿಳಾಸದ ವಿಷಯದಲ್ಲಂತೂ ಆ ಮೂಲವೇ ಕೊಮ್ಯೂನ್. ಹೊಸ ರಸ್ತೆಗೆ ಹೆಸರಿಡುವುದು, ಮನೆಗೆ ನಂಬರ್ ಕೊಡುವುದು ಅದೇ. ಸ್ಥಳೀಯ ಸರ್ಕಾರ ಅಂದರೆ ಮೇಲಿನಿಂದ ಬಂದ ಡೇಟಾ ಬಳಸುವವರು ಮಾತ್ರ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಇಲ್ಲಿ ಕೊಮ್ಯೂನ್ ಕಚೇರಿಯ ಒಬ್ಬ ನೌಕರ ಬರೆದ ವಿಳಾಸವನ್ನೇ ಇಡೀ ದೇಶ ಓದುತ್ತದೆ. ಆಂಬುಲೆನ್ಸ್ ಬರುವುದೂ ಅದನ್ನೇ ನಂಬಿಕೊಂಡು. ಈ ವಿಳಾಸ ಡೇಟಾವನ್ನು 2002ರಲ್ಲೇ ಎಲ್ಲರಿಗೂ ಉಚಿತ ಮಾಡಿದರು.

ವಿಳಾಸ ಅಂದರೆ ಬರೀ ಮನೆ ನಂಬರ್ ಅಲ್ಲ ಅನ್ನುವುದು ಅಪಾರ್ಟ್‌ಮೆಂಟ್‌ನಲ್ಲಿ ಗೊತ್ತಾಗುತ್ತದೆ. "3. ಟಿವಿ" ಅಂತ ಬರೆದಿದ್ದರೆ ಮೂರನೇ ಮಹಡಿ, ಮೆಟ್ಟಿಲು ಹತ್ತಿ ನಿಂತಾಗ ಎಡಗಡೆಯ ಬಾಗಿಲು. "ಟಿಎಚ್" ಅಂದರೆ ಬಲಗಡೆ, "ಎಂಎಫ್" ಅಂದರೆ ನಡುವಿನದು. ಒಂದು ಸಿಸ್ಟಮ್‌ನಲ್ಲಿ ಇದಕ್ಕೆ ಬೇರೆ ಜಾಗ ಇರುತ್ತದೆ, ಇನ್ನೊಂದರಲ್ಲಿ ಮಹಡಿ, ಬಾಗಿಲು ಎಲ್ಲಾ ಸೇರಿಸಿ ಒಂದೇ ಸಾಲು. ಎರಡನ್ನೂ ಹೋಲಿಸಿದರೆ ಒಂದೇ ಮನೆ ಎರಡಾಗಿ ಕಾಣುತ್ತದೆ, ಅಥವಾ ಎದುರುಬದುರು ಮನೆಯವರು ಒಂದೇ ಕುಟುಂಬವಾಗುತ್ತಾರೆ. ಕುಟುಂಬ ತಪ್ಪಾದರೆ ಸಿಗಬೇಕಾದ ನೆರವು ತಪ್ಪಾಗುತ್ತದೆ. ಅದಕ್ಕೇ ಪ್ರತಿ ವಿಳಾಸಕ್ಕೂ ಒಂದು ಉದ್ದನೆಯ ಗುರುತು ಕೋಡ್ ಇದೆ. ರಸ್ತೆಯ ಹೆಸರು ಬದಲಾದರೂ ಕೋಡ್ ಬದಲಾಗುವುದಿಲ್ಲ. ಹೋಲಿಸುವುದಾದರೆ ಕೋಡ್ ಹೋಲಿಸಿ, ಅಕ್ಷರ ಹೋಲಿಸಬೇಡಿ ಅಂತ ಹೊಸದಾಗಿ ಸೇರಿದವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಸಿಪಿಆರ್ ನಂಬರ್‌ನದ್ದು ಇನ್ನೊಂದು ಕಥೆ. ಹತ್ತು ಅಂಕಿ. ಮೊದಲ ಆರು ಹುಟ್ಟಿದ ದಿನ, ತಿಂಗಳು, ವರ್ಷ. ಕೊನೆಯ ಅಂಕಿ ಬೆಸ ಆಗಿದ್ದರೆ ಗಂಡು, ಸಮ ಆಗಿದ್ದರೆ ಹೆಣ್ಣು. ನಂಬರ್ ಸರಿ ಇದೆಯಾ ಅಂತ ನೋಡಲು 11ರಿಂದ ಭಾಗಿಸುವ ಒಂದು ಲೆಕ್ಕವೂ ಇತ್ತು. ಹುಟ್ಟಿದ ದಿನ ಗೊತ್ತಿಲ್ಲದೆ ಬಂದ ವಲಸಿಗರನ್ನು ಜನವರಿ 1ರ ದಿನಾಂಕದಲ್ಲಿ ನೋಂದಾಯಿಸುತ್ತಿದ್ದರು. ಹೀಗೆ 1965ರ ಜನವರಿ 1ಕ್ಕೆ ಲೆಕ್ಕಕ್ಕೆ ಸರಿಹೋಗುವ ನಂಬರ್‌ಗಳೇ ಮುಗಿದುಹೋದವು. 2007ರಿಂದ ಆ ಲೆಕ್ಕಕ್ಕೆ ಹೊಂದದ ನಂಬರ್‌ಗಳನ್ನೂ ಕೊಡಲು ಶುರು ಮಾಡಿದರು. ಯಾವುದೋ ಹಳೆಯ ಸಾಫ್ಟ್‌ವೇರ್ ಇನ್ನೂ ಆ ಲೆಕ್ಕ ಹಾಕುತ್ತಿದ್ದರೆ, ಆ ವ್ಯಕ್ತಿಗೆ "ನಿಮ್ಮ ನಂಬರ್ ತಪ್ಪು" ಅನ್ನುತ್ತದೆ. ತೊಂದರೆ ಜಾಸ್ತಿ ಆಗುವುದು ಯಾರಿಗೆ ನೋಡಿ: ಯುದ್ಧದಿಂದಲೋ ಬಡತನದಿಂದಲೋ ಕಾಗದಪತ್ರ ಇಲ್ಲದೆ ಬಂದವರಿಗೆ. ಒಂದು ಸಣ್ಣ ತಪಾಸಣೆಯ ಹಿಂದೆ ಇಷ್ಟು ದೊಡ್ಡ ಅನ್ಯಾಯ ಅಡಗಿರಬಹುದು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ದುಡ್ಡು, ಹಿಡಿತದ ವಿಚಾರ. 1970ರ ದಶಕದಿಂದ ಕೊಮ್ಯೂನ್‌ಗಳದ್ದೇ ಒಂದು ಡೇಟಾ ಕಂಪನಿ ಇತ್ತು, ಹೆಸರು ಕೆಎಂಡಿ. 2009ರಲ್ಲಿ ಅದನ್ನು ಮಾರಿಬಿಟ್ಟರು. ಪಿಂಚಣಿ, ಅನಾರೋಗ್ಯ ಭತ್ಯೆಯಂಥ ಮುಖ್ಯ ಸಿಸ್ಟಮ್‌ಗಳು ಖಾಸಗಿ ಕೈಗೆ ಹೋದವು. ಬೇರೆ ಪೈಪೋಟಿ ಇರಲಿಲ್ಲ. ಅದೇ ವರ್ಷ ಕೊಮ್ಯೂನ್‌ಗಳ ಸಂಘ ಕೊಂಬಿಟ್ ಅನ್ನುವ ಸಂಸ್ಥೆ ಕಟ್ಟಿತು. ಕೊಂಬಿಟ್ ಎಲ್ಲರ ಪರವಾಗಿ ಬೇಕು ಬೇಡಗಳನ್ನು ಬರೆಯುತ್ತದೆ, ಟೆಂಡರ್ ಕರೆಯುತ್ತದೆ, ಒಟ್ಟಾಗಿ ಕೊಳ್ಳುತ್ತದೆ. ಹಳೆಯ ಸಿಸ್ಟಮ್‌ಗಳನ್ನು ಬದಲಿಸಲು ಅಂದುಕೊಂಡಿದ್ದಕ್ಕಿಂತ ಎಷ್ಟೋ ವರ್ಷ ಹೆಚ್ಚು ಹಿಡಿಯಿತು. ಆದರೂ ಅವರು ಆರಿಸಿಕೊಂಡ ದಾರಿ ಸರಿ ಅಂತಲೇ ನನ್ನ ನಂಬಿಕೆ. ಎಲ್ಲರಿಗೂ ಒಂದೇ ದೈತ್ಯ ಸಾಫ್ಟ್‌ವೇರ್ ಕಟ್ಟಲು ಹೋಗಲಿಲ್ಲ. ಹಂಚಿಕೊಳ್ಳಲೇಬೇಕಾದ ಸಣ್ಣ ತುಂಡುಗಳನ್ನು ಮಾತ್ರ ಬೇರೆ ತೆಗೆದರು. ಯಾವ ನೌಕರ ಯಾವ ವಿಭಾಗದವರು, ಯಾರಿಗೆ ಏನನ್ನು ನೋಡುವ ಅನುಮತಿ ಇದೆ, ಯಾವ ನಾಗರಿಕರ ಯಾವ ಅರ್ಜಿ ಎಲ್ಲಿ ನಡೆಯುತ್ತಿದೆ, ಅಷ್ಟು. ಜೊತೆಗೆ "ಇವರ ವಿಳಾಸ ಬದಲಾಗಿದೆ" ಅನ್ನುವಂಥ ಸುದ್ದಿಯನ್ನು ಬೇಕಾದವರಿಗೆ ತಲುಪಿಸುವ ಒಂದು ಏರ್ಪಾಡು. ಪ್ರತಿ ಅರ್ಜಿಗೂ ವಿಷಯ ಸೂಚಿಸುವ ಒಂದು ಸಂಖ್ಯೆ ಇರುತ್ತದೆ, ಅದು ಎಲ್ಲಾ ಕೊಮ್ಯೂನ್‌ಗಳಿಗೂ ಒಂದೇ. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಆ ಸಂಖ್ಯೆಯ ಪಟ್ಟಿ ಇಲ್ಲದಿದ್ದರೆ ಆರ್ಹುಸ್ ಕೊಮ್ಯೂನ್‌ನ "ಮನೆ ಸಹಾಯ"ವೂ ಓಡೆನ್ಸೆ ಕೊಮ್ಯೂನ್‌ನ "ಮನೆ ಸಹಾಯ"ವೂ ಒಂದೇನಾ ಅಂತ ಯಾವ ಯಂತ್ರಕ್ಕೂ ತಿಳಿಯುವುದಿಲ್ಲ.

ಸುಮ್ನೆ ಡೇಟಾ ಕೇಳಿದರೆ ಕೊಡುವುದೂ ಇಲ್ಲ. ಒಂದು ಸಾಫ್ಟ್‌ವೇರ್ ಸಿಪಿಆರ್ ವಿವರ ಓದಬೇಕಾದರೆ ಮೊದಲು ಒಂದು ಒಪ್ಪಂದದ ಮನವಿ ಹಾಕಬೇಕು. ಅದನ್ನು ಮಂಜೂರು ಮಾಡುವುದು ಸಂಬಂಧಪಟ್ಟ ಕೊಮ್ಯೂನ್, ಸಾಫ್ಟ್‌ವೇರ್ ಕಂಪನಿಯಲ್ಲ. ಕೆಲವರು ತಮ್ಮ ವಿಳಾಸ ಹೊರಗಿನವರಿಗೆ ಕಾಣದಂತೆ ರಕ್ಷಣೆ ಪಡೆದಿರುತ್ತಾರೆ. ಆ ಗುರುತು ಡೇಟಾ ಹೋದಲ್ಲೆಲ್ಲ ಜೊತೆಗೇ ಹೋಗಬೇಕು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸಿನ ಹೊಸ ಮನೆ ಯಾವುದೋ ಪಟ್ಟಿಯಲ್ಲಿ ಅಚ್ಚಾಗಿಬಿಟ್ಟರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮಿತಿ ಎಲ್ಲಿ ಅನ್ನುವ ಪ್ರಶ್ನೆ 2018ರಲ್ಲಿ ಜೋರಾಗಿ ಎದ್ದಿತು. ಕೋಪನ್‌ಹೇಗನ್ ಪಕ್ಕದ ಗ್ಲಾಡ್‌ಸಾಕ್ಸೆ ಕೊಮ್ಯೂನ್, ಕಷ್ಟದಲ್ಲಿರುವ ಮಕ್ಕಳನ್ನು ಬೇಗ ಗುರುತಿಸಲು ಬೇರೆ ಬೇರೆ ಡೇಟಾ ಜೋಡಿಸಿ ಅಪಾಯದ ಅಂಕ ಕೊಡುವ ಯೋಜನೆ ಮುಂದಿಟ್ಟಿತ್ತು. ಪೋಷಕರಿಗೆ ಮಾನಸಿಕ ಕಾಯಿಲೆ ಇದ್ದರೆ 3,000 ಅಂಕ, ಕೆಲಸ ಇಲ್ಲದಿದ್ದರೆ 500, ವೈದ್ಯರ ಭೇಟಿ ತಪ್ಪಿಸಿದರೆ 1,000, ಹಲ್ಲಿನ ವೈದ್ಯರದ್ದಾದರೆ 300. ಉದ್ದೇಶ ಒಳ್ಳೆಯದೇ. ಆದರೆ ಹಲ್ಲು ತೋರಿಸಲು ಕೊಟ್ಟ ಮಾಹಿತಿಯಿಂದ ತಾಯಿತಂದೆಯರನ್ನು ಅಳೆಯುವುದು ಹೇಗೆ ಸರಿ? ಜನ ಬಲವಾಗಿ ವಿರೋಧಿಸಿದರು, ಯೋಜನೆ ನಿಂತಿತು. ಅದೇ ವರ್ಷದ ಕೊನೆಗೆ ಆ ಕೊಮ್ಯೂನ್ ಕಚೇರಿಯಿಂದ ಕಳುವಾದ ಒಂದು ಕಂಪ್ಯೂಟರ್‌ನಲ್ಲಿ 20,620 ನಿವಾಸಿಗಳ ವಿವರ ಇತ್ತು. ಎರಡೂ ಬೇರೆ ಬೇರೆ ಘಟನೆ, ಆದರೆ ಜನರ ನಂಬಿಕೆಗೆ ಎರಡೂ ಒಟ್ಟಿಗೇ ಪೆಟ್ಟು ಕೊಟ್ಟವು.

ಆದ್ದರಿಂದ ನಮ್ಮ ಮೀಟಿಂಗ್‌ಗಳಲ್ಲಿ ಜಾಸ್ತಿ ಹೊತ್ತು ಹೋಗುವುದು ಏನನ್ನು ಹಂಚಬಾರದು ಅನ್ನುವ ಚರ್ಚೆಗೆ. ಶಿಶುವಿಹಾರದ ಶುಲ್ಕವನ್ನೇ ತೆಗೆದುಕೊಳ್ಳಿ. ಮನೆಯ ಆದಾಯ ಕಡಿಮೆ ಇದ್ದರೆ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ. ಲೆಕ್ಕ ಹಾಕುವ ವಿಭಾಗಕ್ಕೆ ಆದಾಯ ಗೊತ್ತಿರಬೇಕು. ಬಿಲ್ ಕಳಿಸುವ ವಿಭಾಗಕ್ಕೆ ಎಷ್ಟು ಕಡಿತ ಅನ್ನುವ ಒಂದು ಸಂಖ್ಯೆ ಸಾಕು. ಬೆಳಿಗ್ಗೆ ಮಗುವನ್ನು ಎತ್ತಿಕೊಳ್ಳುವ ಶಿಕ್ಷಕಿಗೆ ಎರಡೂ ಬೇಡ. ಅವರಿಗೆ ಬೇಕಾಗಿರುವುದು ಮಗುವಿನ ಹೆಸರು, ಅಲರ್ಜಿ, ಮತ್ತು ಸಂಜೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದು.