ಬುಡ ನೋಡಿ ವರದಿ ಬರೆದೆ, ಸುಳಿ ಟೆರೇಸ್ ಮೇಲಿಂದ ಕಂಡಿತು

ಬೆಂಗಳೂರಿನ ಅಪಾರ್ಟ್‌ಮೆಂಟ್ ತೋಟಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಕೆಲಸ ನನ್ನದು. ತಿಂಗಳಿಗೊಮ್ಮೆ ಪ್ರತಿ ತೋಟದ ಫೋಟೋ ತೆಗೆದು ವರದಿ ಕಳಿಸಬೇಕು. ಕನಕಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟಿನಿಂದ ಒಳಗೆ ಸಾಲಾಗಿ 8 ರಾಯಲ್ ಪಾಮ್ ಇದ್ದವು. ಸುಮಾರು 30 ಅಡಿ ಎತ್ತರ, ನುಣುಪಾದ ಬೂದು ಬಣ್ಣದ ಕಾಂಡ. ಕೆಳಗೆ ನಿಂತು ತೆಗೆದರೆ ಅರಮನೆ ಕಂಬಗಳ ಹಾಗೆ ಫೋಟೋ ಬರುತ್ತಿತ್ತು. ಒಂದು ವರ್ಷ ಅದನ್ನೇ ಕಳಿಸಿದೆ. ಕೆಳಗೆ ಒಂದು ಸಾಲು: ‘ಪಾಮ್ ಚೆನ್ನಾಗಿವೆ.’

ಒಂದು ದಿನ ನೀರಿನ ಪೈಪ್ ನೋಡಲು ನಾಲ್ಕನೇ ಮಹಡಿಯ ಮೇಲಿನ ಟೆರೇಸ್‌ಗೆ ಹೋಗಿದ್ದೆ. ಜೊತೆಗೆ ನಮ್ಮ ಮಾಲಿ, ತಿಪಟೂರು ಕಡೆಯವರು, ತೆಂಗಿನ ತೋಟದಲ್ಲೇ ಬೆಳೆದವರು. ಸುಮ್ನೆ ಕೆಳಗೆ ಬಗ್ಗಿ ನೋಡಿದವರು, “ಸಾರ್, ಇಲ್ಲಿ ಬನ್ನಿ. ಗರಿಗೆಲ್ಲ ಯಾರೋ ಕತ್ರಿ ಹಾಕ್ದಂಗೈತಲ್ಲ” ಅಂದರು.

ನಿಜವಾಗಿಯೂ ಹಾಗೇ ಇತ್ತು. ಗರಿಯ ಎರಡೂ ಕಡೆ ತ್ರಿಕೋನದಂಥ ಕಚ್ಚುಗಳು, ಅಳತೆ ಹಿಡಿದು ಕತ್ತರಿಸಿದ ಹಾಗೆ. ಇದು ರೈನೋಸಿರಸ್ ದುಂಬಿಯ ಕೆಲಸ. ಅದು ಬಿಚ್ಚಿದ ಗರಿಯನ್ನು ತಿನ್ನುವುದಿಲ್ಲ. ಇನ್ನೂ ಮಡಚಿಕೊಂಡಿರುವ ಸುಳಿಯೊಳಗೆ ಕೊರೆದುಕೊಂಡು ಹೋಗುತ್ತದೆ. ಆ ಗರಿ ಎಷ್ಟೋ ದಿನದ ಮೇಲೆ ಬಿಚ್ಚಿಕೊಂಡಾಗ ಕಚ್ಚುಗಳು ಕಾಣುತ್ತವೆ. ಚಿಕ್ಕವರಿದ್ದಾಗ ಬಣ್ಣದ ಕಾಗದ ಮಡಚಿ ಕತ್ತರಿ ಹಾಕಿ ತೋರಣ ಮಾಡುತ್ತಿದ್ದೆವಲ್ಲ, ಅದೇ ಲೆಕ್ಕ. ಕೆಳಗಿನಿಂದ ನೋಡಿದರೆ ಜೋತು ಬಿದ್ದ ಹಳೇ ಗರಿಗಳು ಇದನ್ನೆಲ್ಲ ಮುಚ್ಚಿಬಿಡುತ್ತವೆ.

ರಾಯಲ್ ಪಾಮ್‌ಗೆ ಇರುವುದು ಒಂದೇ ಸುಳಿ. ಬೇರೆ ಮರದ ಹಾಗೆ ಪಕ್ಕದಲ್ಲಿ ಚಿಗುರುವುದಿಲ್ಲ. ಸುಳಿ ಹೋದರೆ ಮರ ಹೋದ ಹಾಗೆ.

ಫೋಟೋ ತೆಗೆಯೋಣ ಅಂತ ಅಲ್ಲೇ ಮೊಬೈಲ್ ತೆಗೆದೆ. ಮಧ್ಯಾಹ್ನ 12 ಗಂಟೆ. ಗರಿ ಮೇಲೆ ಬಿಸಿಲು ಹೊಳೆದು ಎಲ್ಲಾ ಬೆಳ್ಳಗೆ. ಮಾರನೇ ದಿನ ಬೆಳಿಗ್ಗೆ 7ಕ್ಕೆ ಹೋದೆ. ಓರೆ ಬಿಸಿಲಿಗೆ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಆದರೆ ಹಿಂದೆ ಹುಲ್ಲುಹಾಸು. ಹಸಿರಿನ ಮೇಲೆ ಹಸಿರು, ಯಾವುದು ಗರಿ ಯಾವುದು ಹುಲ್ಲು ಗೊತ್ತಾಗಲಿಲ್ಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ, ಗರಿಯ ಹಿಂದೆ ಕಾರು ಓಡಾಡುವ ಬೂದು ಕಲ್ಲಿನ ದಾರಿ ಬಂತು. ಆಗ ಸರಿಹೋಯಿತು. ಸುಳಿಯ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಬೇಕು, ಇಲ್ಲದಿದ್ದರೆ ಮೊಬೈಲ್ ಕೆಳಗಿನ ನೆಲವನ್ನು ಹಿಡಿಯುತ್ತದೆ. ನಿಂತ ಜಾಗದಲ್ಲಿ ಪ್ಯಾರಪೆಟ್ ಗೋಡೆಗೆ ಪೇಂಟಿನಲ್ಲಿ ಒಂದು ಗುರುತು ಹಾಕಿದೆ. ಈಗ ಪ್ರತಿ ತಿಂಗಳೂ ಅಲ್ಲಿಂದಲೇ, ಅದೇ ಹೊತ್ತಿಗೆ ತೆಗೆಯುತ್ತೇನೆ. ಗೋಡೆಯಿಂದಾಚೆ ಬಗ್ಗುವುದಿಲ್ಲ, ಒಂದು ಗರಿ ಕಾಣದಿದ್ದರೆ ಬೇಡ.

ಎದುರು ಬ್ಲಾಕಿನ ಆಂಟಿಯೊಬ್ಬರು ಮಾತ್ರ, “ಯಾರಪ್ಪ ಅದು, ನಮ್ಮನೆ ಕಿಟಕಿ ಫೋಟೋ ತೆಗೀತಿರೋದು?” ಅಂತ ಸೆಕ್ಯುರಿಟಿಯನ್ನೇ ಕಳಿಸಿದ್ದರು. ಅವರ ಸಿಟ್ಟು ಸರಿಯಾಗೇ ಇತ್ತು. ಈಗ ಹಿಂದಿನ ದಿನವೇ ಅವರ ಗ್ರೂಪಿಗೆ ಮೆಸೇಜ್ ಹಾಕಿಸುತ್ತೇನೆ.

ಎಂಟೂ ಮರ ಒಂದೇ ಫೋಟೋದಲ್ಲಿ ಬಂದಾಗ ಇನ್ನೊಂದು ವಿಷಯ ಕಂಡಿತು. ಗೇಟ್ ಹತ್ತಿರದ ಮರಗಳು ಚೆನ್ನಾಗಿದ್ದವು. ಕಾಂಪೌಂಡ್ ಕಡೆ ಹೋದ ಹಾಗೆ ಕಚ್ಚು ಜಾಸ್ತಿ. ಅಲ್ಲಿ ಏನಿದೆ? ಕಾಂಪೋಸ್ಟ್ ಗುಂಡಿ. ಈ ದುಂಬಿ ಮೊಟ್ಟೆ ಇಡುವುದೇ ಕೊಳೆಯುವ ಗೊಬ್ಬರದಲ್ಲಿ. ಅಗೆಸಿದರೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು, ಮುರುಟಿಕೊಂಡು ಮಲಗಿದ್ದವು. ಆ ಗುಂಡಿ ತೋಡಿಸಿದ್ದು ನಾನೇ.

ಗೊಬ್ಬರವನ್ನು ಪೂರ್ತಿ ತೆಗೆಸಿ ಹುಳು ಆರಿಸಿದೆವು. ಹೊಸ ಗುಂಡಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿದೆವು. ತೆಂಗಿಗೆ ಮಾಡುವ ಹಾಗೆ ಬೇವಿನ ಹಿಂಡಿ ಪುಡಿಗೆ ಅಷ್ಟೇ ಮರಳು ಬೆರೆಸಿ, ಸುಳಿ ಪಕ್ಕದ ಗರಿಗಳ ಸಂದಿಗೆ ಹಾಕಿಸಿದೆವು. ಅದಕ್ಕೆ ಬಾಡಿಗೆ ಲಿಫ್ಟ್ ಗಾಡಿ ತರಿಸಬೇಕಾಯಿತು. ಮೊಳೆ ಶೂ ಹಾಕಿ ಮರ ಹತ್ತುವ ಹುಡುಗರು ಕಡಿಮೆ ದುಡ್ಡಿಗೆ ಬರುತ್ತಾರೆ. ಆದರೆ ಪಾಮ್ ಕಾಂಡಕ್ಕೆ ಬಿದ್ದ ತೂತು ಮುಚ್ಚಿಕೊಳ್ಳುವುದೇ ಇಲ್ಲ, ಅದು ಜೀವಮಾನದ ಗಾಯ.

ಏಳು ಮರ ಉಳಿದವು. ಗೋಡೆ ಪಕ್ಕದ ಎಂಟನೆಯದರ ಸುಳಿ ಕೈಯಲ್ಲಿ ಎಳೆದರೆ ಹಾಗೇ ಬಂತು, ತುದಿಯೆಲ್ಲ ಕೊಳೆತ ವಾಸನೆ. ಅದನ್ನು ಕಡಿಸಿದೆವು. ಆ ಜಾಗದಲ್ಲಿ ಫಾಕ್ಸ್‌ಟೇಲ್ ಪಾಮ್ ಹಾಕೋಣ ಅಂತ ಸೆಕ್ರೆಟರಿ ಎರಡು ಸಲ ಕೇಳಿದ್ದಾರೆ. ಉಳಿದ ಏಳರಲ್ಲೂ ಕಚ್ಚಿಲ್ಲದ ಹೊಸ ಗರಿ ಬಿಚ್ಚಿದ ಫೋಟೋ ಸಿಗುವವರೆಗೆ ಬೇಡ ಸಾರ್ ಅಂದಿದ್ದೇನೆ. ಹೋದ ತಿಂಗಳ ಫೋಟೋದಲ್ಲಿ ಐದು ಸಿಕ್ಕಿವೆ.