ಹಂಚಿನ ಮನೆಯ ಗೋಡೆಗೆ ಹಳೆಯ ಸಸ್ಯಚಿತ್ರಗಳು

ಕಾಟೇಜ್ ಶೈಲಿಯ ಮನೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕಿದರೆ ಬಿಳಿ ಗೋಡೆ, ಮಾಸಿದ ಬಣ್ಣದ ಮರದ ಪೀಠೋಪಕರಣ, ಸಣ್ಣ ಹೂವಿನ ಪರದೆಗಳು ಮತ್ತು ಬೇರೆ ಬೇರೆ ಅಳತೆಯ ಚೌಕಟ್ಟುಗಳಲ್ಲಿ ಕೂರಿಸಿದ ಹಳೆಯ ಗುಲಾಬಿಯ ಚಿತ್ರಗಳು ಮೊದಲು ಕಣ್ಣಿಗೆ ಬೀಳುತ್ತವೆ. ಇಂಗ್ಲೆಂಡಿನ ಹಳ್ಳಿಮನೆಗಳಿಂದ ಬೆಳೆದುಬಂದ ಈ ಶೈಲಿಯನ್ನು ನಾನು ಬಹಳ ಪ್ರೀತಿಸುತ್ತೇನೆ. ಆದರೆ ಉಡುಪಿಯ ಸಮೀಪದಲ್ಲಿರುವ ನಮ್ಮ ಹಂಚಿನ ಮನೆಯನ್ನು ಆ ಬಗೆಯಲ್ಲಿ ಸಜ್ಜುಗೊಳಿಸಲು ಕುಳಿತಾಗ, ಹೊರಗಿನಿಂದ ತರಬೇಕಾದದ್ದು ಬಹಳ ಕಡಿಮೆ ಎಂಬುದು ನನಗೆ ಸ್ಪಷ್ಟವಾಯಿತು. ಸುಣ್ಣದ ಗೋಡೆ, ಕೆಂಪು ನೆಲ, ಮರದ ಮುಚ್ಚಿಗೆ, ಚಾವಡಿಯ ಕಂಬಗಳು, ಹಲಸಿನ ಮರದ ಬೆಂಚು ಎಲ್ಲವೂ ಇಲ್ಲಿಯೇ ಇವೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಕೆಂಪು ಮಾಡಿನ ಮನೆಗಳಿಗೆ ಗ್ರಾಮೀಣ ಮನೆಯ ಸರಳ ಸೌಂದರ್ಯವನ್ನು ಬೇರೆ ಕಡೆಯಿಂದ ಕಲಿಸಬೇಕಾಗಿಲ್ಲ. ಇಲ್ಲಿ ನಿಜವಾಗಿ ಯೋಚಿಸಬೇಕಾದ ವಿಷಯ ಒಂದೇ: ಗೋಡೆಯ ಮೇಲೆ ಯಾವ ಚಿತ್ರ ಇರಬೇಕು ಮತ್ತು ಅದು ನಮ್ಮ ಮಳೆಗಾಲವನ್ನು ಹೇಗೆ ದಾಟಬೇಕು.

ಕಾಟೇಜ್ ಶೈಲಿಯ ಹಿಂದೆ ಒಂದು ವಿಚಾರವೂ ಇದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಮೋರಿಸ್ ಮತ್ತು ಅವರ ಜೊತೆಗಾರರು ಕಾರ್ಖಾನೆಯ ಸರಕಿಗೆ ಬೇಸತ್ತು, ಕೈಕೆಲಸಕ್ಕೂ ಸುತ್ತಲಿನ ಗಿಡಬಳ್ಳಿಗಳಿಗೂ ಮನೆಯೊಳಗೆ ಸ್ಥಾನ ಕೊಡಬೇಕೆಂದು ದುಡಿದರು. ಮೋರಿಸ್ ಅವರ ಗೋಡೆಕಾಗದಗಳಲ್ಲಿ ಕಾಣುವ ಹೂಗಳು ಅವರ ತೋಟಗಳಲ್ಲಿ ಮತ್ತು ಹೊಳೆಯ ದಂಡೆಗಳಲ್ಲಿ ಬೆಳೆಯುವಂಥವು. ಆ ವಿಚಾರವನ್ನು ನಾವು ಪ್ರಾಮಾಣಿಕವಾಗಿ ಅನುಸರಿಸುವುದಾದರೆ ನಮ್ಮ ಚಾವಡಿಯ ಗೋಡೆಯ ಮೇಲೆ ಇರಬೇಕಾದದ್ದು ನಮ್ಮ ಹಿತ್ತಿಲಿನ ಗಿಡ. ಇಂಗ್ಲಿಷ್ ಗುಲಾಬಿಯ ಚಿತ್ರ ಸುಂದರವಲ್ಲವೆಂದು ನಾನು ಹೇಳುತ್ತಿಲ್ಲ. ಹೂವಿನ ಚಿತ್ರಗಳಿಗೆ ಹೆಸರಾದ ಹಳೆಯ ಕಲಾವಿದ ಪಿಯೆರ್ ಜೋಸೆಫ್ ರದೂತೆ ಬಿಡಿಸಿದ ಗುಲಾಬಿಗಳ ಎದುರು ಯಾರಾದರೂ ಒಂದು ಕ್ಷಣ ನಿಲ್ಲಲೇಬೇಕು. ಆದರೆ ಕಿಟಕಿಯ ಹೊರಗೆ ಅಡಿಕೆ ಮರ, ಒಳಗಿನ ಗೋಡೆಯಲ್ಲಿ ರದೂತೆಯ ಗುಲಾಬಿ ಎಂದಾದರೆ ಎರಡಕ್ಕೂ ಪರಸ್ಪರ ಪರಿಚಯವಿಲ್ಲದಂತೆ ನನಗೆ ಕಾಣುತ್ತದೆ.

ನಮ್ಮ ಗಿಡಗಳ ಹಳೆಯ ಚಿತ್ರಗಳಿಗೆ ಬರವಿಲ್ಲ. ಕೊಚ್ಚಿಯಲ್ಲಿ ಡಚ್ಚರ ಮಲಬಾರ್ ಪ್ರದೇಶದ ಆಡಳಿತ ನಡೆಸಿದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಏಳುನೂರಕ್ಕೂ ಹೆಚ್ಚು ಚಿತ್ರಗಳು ಅದರಲ್ಲಿವೆ. ಮೊದಲ ಸಂಪುಟದ ಆರಂಭದಲ್ಲಿಯೇ ತೆಂಗು, ಅದರ ಬೆನ್ನಿಗೆ ಅಡಿಕೆ, ಮುಂದೆ ಬಾಳೆ ಮತ್ತು ಸಂಪಿಗೆ, ಎರಡನೆಯದರಲ್ಲಿ ಕೆಂಪು ಹೂಗೊಂಚಲಿನ ಕೇಪುಳ, ಮೂರನೆಯದರಲ್ಲಿ ಹಲಸು ಮತ್ತು ಗೇರು, ಏಳನೆಯದರಲ್ಲಿ ಕಾಳುಮೆಣಸಿನ ಬಳ್ಳಿ. ಈ ಗ್ರಂಥಕ್ಕೆ ಸಸ್ಯಜ್ಞಾನವನ್ನು ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ಆದ್ದರಿಂದಲೇ ಅನೇಕ ಚಿತ್ರಗಳ ಅಂಚಿನಲ್ಲಿ ಗಿಡದ ಹೆಸರು ಮಲಯಾಳಂ ಮತ್ತು ಅರಬ್ಬಿ ಲಿಪಿಗಳ ಜೊತೆಗೆ ನಾಗರಿ ಲಿಪಿಯಲ್ಲಿಯೂ ಕೊಂಕಣಿ ಹೆಸರಾಗಿ ನಿಂತಿದೆ. ಕೊಂಕಣಿ ಮಾತನಾಡುವ ನಮ್ಮ ನೆರೆಮನೆಯ ಹಿರಿಯರು ಹಲಸಿನ ಚಿತ್ರದ ಮೂಲೆಯಲ್ಲಿರುವ ಆ ಅಕ್ಷರಗಳನ್ನು ಓದುತ್ತಾ ಬಹಳ ಹೊತ್ತು ನಿಂತಿದ್ದರು. ನಮ್ಮ ಅತ್ತೆಯವರು ಕೇಪುಳದ ಗೊಂಚಲನ್ನು ಹೆಸರು ಓದದೆಯೇ ಗುರುತಿಸಿದರು. ದೂರದ ದೇಶದ ಹೂವಿನ ಚಿತ್ರಕ್ಕೆ ಇಂತಹ ಮಾತುಕತೆಯನ್ನು ಹುಟ್ಟಿಸುವ ಶಕ್ತಿ ಇಲ್ಲ.

ಬಣ್ಣ ಬೇಕೆನ್ನುವವರಿಗೆ ವಿಲಿಯಂ ರಾಕ್ಸ್‌ಬರ್ಗ್ ಅವರ ಕೋರಮಂಡಲ ತೀರದ ಸಸ್ಯಗಳ ಗ್ರಂಥವಿದೆ. 1795ರಿಂದ 1820ರ ಅವಧಿಯಲ್ಲಿ ಹೊರಬಂದ ಅದರ 300 ಚಿತ್ರಗಳಿಗೆ ಕೈಯಿಂದಲೇ ಬಣ್ಣ ತುಂಬಲಾಗಿದೆ. ನನಗೆ ಇನ್ನೂ ಹತ್ತಿರವೆನಿಸುವುದು ಮದರಾಸಿನಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರ ಗ್ರಂಥಗಳು. ಅವುಗಳ ಚಿತ್ರಗಳನ್ನು ಬಿಡಿಸಿದ ರುಂಗಯ್ಯ ಮತ್ತು ಗೋವಿಂದು ದಕ್ಷಿಣ ಭಾರತದ ಕಲಾವಿದರು. ಗೋವಿಂದು ಅವರ ಗೌರವಾರ್ಥವಾಗಿ ವೈಟ್ ಒಂದು ಆರ್ಕಿಡ್ ಕುಲಕ್ಕೆ ಅವರ ಹೆಸರನ್ನೇ ಇಟ್ಟರು. ಈ ಚಿತ್ರಗಳನ್ನು ಅಚ್ಚು ಹಾಕಿದ್ದು ಕಲ್ಲಚ್ಚಿನಲ್ಲಿ, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ವಿಧಾನದಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಮಂಗಳೂರಿನಲ್ಲಿ ಹೊರಬಂದದ್ದೂ ಕಲ್ಲಚ್ಚಿನಿಂದಲೇ ಎಂಬುದನ್ನು ನೆನೆದರೆ ಈ ಕಲೆ ನಮ್ಮ ಊರಿಗೆ ಹೊಸದಲ್ಲವೆಂಬ ಸಂತೋಷವಾಗುತ್ತದೆ.

ಈ ಗ್ರಂಥಗಳ ಪುಟಗಳನ್ನು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಸ್ಮಿತ್ಸೋನಿಯನ್ ಸಂಸ್ಥೆ 2020ರಿಂದ ತಮ್ಮ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ಯಾವ ಕಟ್ಟುಪಾಡೂ ಇಲ್ಲದೆ ಬಳಸಲು ಬಿಟ್ಟುಕೊಟ್ಟಿವೆ. ಭಾರತದ ಕಾನೂನಿನಂತೆ ಕಲಾವಿದರು ತೀರಿಕೊಂಡ ನಂತರ 60 ವರ್ಷಗಳವರೆಗೆ ಮಾತ್ರ ಚಿತ್ರದ ಹಕ್ಕುಸ್ವಾಮ್ಯ ಉಳಿಯುತ್ತದೆ. ಆದ್ದರಿಂದ ಮೇಲೆ ಹೇಳಿದ ಚಿತ್ರಗಳೆಲ್ಲ ಸಾರ್ವಜನಿಕರ ಸ್ವತ್ತು. ಇಂತಹ ಚಿತ್ರಗಳನ್ನೇ ಕಟ್ಟು ಕಟ್ಟಾಗಿ ಹಣಕ್ಕೆ ಮಾರುವವರೂ ಇದ್ದಾರೆ. ಬಣ್ಣ ಸರಿಪಡಿಸಿ, ಕಲೆಗಳನ್ನು ಅಳಿಸಿ, ಅಳತೆಗೆ ಹೊಂದಿಸಿ ಕೊಟ್ಟಿದ್ದರೆ ಆ ಶ್ರಮಕ್ಕೆ ಹಣ ಕೊಡುವುದು ನ್ಯಾಯವೇ. ಸ್ವಲ್ಪ ತಾಳ್ಮೆ ಇದ್ದವರು ಆ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಇಳಿಸಿಕೊಳ್ಳುವಾಗ ನೋಡಬೇಕಾದದ್ದು ಕಡತದ ಅಳತೆ. ಎ4 ಹಾಳೆಯಲ್ಲಿ ಗೆರೆಗಳು ಚೂಪಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕೆಗಳಂತೆ ಅಗಲಕ್ಕೆ 2480 ಮತ್ತು ಉದ್ದಕ್ಕೆ 3508 ಪಿಕ್ಸೆಲ್‌ಗಳು ಬೇಕು; ಎ3 ಹಾಳೆಗೆ 3508 ಮತ್ತು 4961. ನಾಲ್ಕು ಮಾರು ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ ಇಂಚಿಗೆ 200 ಇದ್ದರೂ ನಡೆಯುತ್ತದೆ. ಹೋರ್ಟಸ್‌ನ ಬಹುತೇಕ ಚಿತ್ರಗಳು ಎರಡು ಪುಟಗಳ ಅಗಲಕ್ಕೆ ಹರಡಿರುವುದರಿಂದ ನಡುವೆ ಮಡಿಕೆಯ ಗೆರೆ ಕಾಣುತ್ತದೆ. ಅದನ್ನು ಅಳಿಸಬೇಡಿರೆಂದು ನಾನು ಸಲಹೆ ಕೊಡುತ್ತೇನೆ, ಏಕೆಂದರೆ ಅದು ಪುಸ್ತಕದಿಂದ ಬಂದ ಚಿತ್ರವೆಂಬುದಕ್ಕೆ ಅದೇ ಗುರುತು. ಹಳೆಯ ಕಾಗದದ ಹಳದಿಯನ್ನು ಮಾತ್ರ ಸ್ವಲ್ಪ ತಗ್ಗಿಸಬೇಕು. ಇಲ್ಲವಾದರೆ ಸುಣ್ಣದ ಬಿಳಿ ಗೋಡೆಯ ಮೇಲೆ ಚಿತ್ರ ಕೊಳೆಯಾದಂತೆ ತೋರುತ್ತದೆ.

ಕಾಗದ ಮತ್ತು ಶಾಯಿಯ ಆಯ್ಕೆಯಲ್ಲಿ ಕರಾವಳಿಯವರು ಹೆಚ್ಚು ಜಾಗರೂಕರಾಗಿರಬೇಕು. ಬಣ್ಣದ ಚಿತ್ರಗಳನ್ನು, ಬಣ್ಣ ಪೂರ್ತಿ ಕರಗಿರುವ ಡೈ ಶಾಯಿಯ ಬದಲು ಬಣ್ಣ ನುಣ್ಣನೆಯ ಕಣಗಳಾಗಿ ಇರುವ ಪಿಗ್ಮೆಂಟ್ ಶಾಯಿಯ ಯಂತ್ರದಲ್ಲಿ, 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ದಪ್ಪವಾದ, ಹೊಳಪಿಲ್ಲದ, ಆಮ್ಲರಹಿತ ಕಾಗದದ ಮೇಲೆ ತೆಗೆಸಬೇಕು. ಡೈ ಶಾಯಿ ತೇವಕ್ಕೆ ಹರಡುತ್ತದೆ, ಬೆಳಕಿಗೆ ಬೇಗನೆ ಮಾಸುತ್ತದೆ. ಕಪ್ಪು ಗೆರೆಯ ಚಿತ್ರಗಳಿಗೆ ಸಾಮಾನ್ಯ ಲೇಸರ್ ಮುದ್ರಣವೇ ಸಾಕು, ಏಕೆಂದರೆ ಲೇಸರ್ ಯಂತ್ರದ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಳ್ಳುವುದರಿಂದ ನೀರಿನ ಪಸೆ ತಾಗಿದರೂ ಕದಡುವುದಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿ ಪೇಟೆಯಲ್ಲಾಗಲಿ ಜೆರಾಕ್ಸ್ ಅಂಗಡಿಗೆ ದಪ್ಪ ಕಾಗದವನ್ನು ನಾವೇ ಒಯ್ದು ಕೊಟ್ಟರೆ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ಖರ್ಚನ್ನೂ ಮಳೆಯನ್ನೂ ಒಟ್ಟಿಗೆ ಲೆಕ್ಕ ಹಾಕಿಯೇ ನಾನು ನಮ್ಮ ಮನೆಗೆ ಹೆಚ್ಚಾಗಿ ಹೋರ್ಟಸ್‌ನ ಕಪ್ಪು ಬಿಳುಪು ಚಿತ್ರಗಳನ್ನು ಆರಿಸಿದ್ದು. ಸುಣ್ಣದ ಗೋಡೆ ಮತ್ತು ಕೆಂಪು ನೆಲದ ನಡುವೆ ಆ ಗೆರೆಗಳು ಬಹಳ ಚೆನ್ನಾಗಿ ಒಪ್ಪುತ್ತವೆ.

ಇನ್ನು ಕಟ್ಟು, ಅಂದರೆ ಚೌಕಟ್ಟು, ಹಾಕಿಸುವ ವಿಚಾರ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಮುರಕಲ್ಲಿನ ಗೋಡೆ ಆಷಾಢದಿಂದ ನವರಾತ್ರಿಯವರೆಗೆ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಶ್ಚಿಮದ ಗೋಡೆಗೆ ಹೊರಗಿನಿಂದ ಮಡಲಿನ ತಟ್ಟಿ ಕಟ್ಟಿದರೂ ಒಳಭಾಗದಲ್ಲಿ ಚಿತ್ರ ತೂಗುಹಾಕದಿರುವುದೇ ಕ್ಷೇಮ. ದೇವರ ಪಟಗಳಿಗೆ ಕಟ್ಟು ಹಾಕುವುದರಲ್ಲಿ ತಲೆ ನರೆತ ಅಂಗಡಿಯವರೊಬ್ಬರು ನನಗೆ ಹೇಳಿದ ಮಾತು ಇದು: “ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ ಅಕ್ಕ, ಹಿಂದೆ ಗಾಳಿ ಆಡಬೇಕು.” ಅವರ ಸಲಹೆಯಂತೆ ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಬಿಲ್ಲೆ ಅಂಟಿಸಿ, ಹಿಂಬದಿಗೆ ಹಾರ್ಡ್‌ಬೋರ್ಡಿನ ಬದಲು ನೀರು ಹೀರದ ಸನ್‌ಬೋರ್ಡ್ ಎಂಬ ಹಗುರವಾದ ಪ್ಲಾಸ್ಟಿಕ್ ಹಲಗೆ ಹಾಕಿಸಿದೆ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಅಂಚಿನಂತೆ ಕೂರಿಸುವ ದಪ್ಪ ರಟ್ಟಿನ) ದಪ್ಪದಷ್ಟು ಅಂತರ ಇರಲೇಬೇಕು. ಕಾಗದ ಗಾಜಿಗೆ ತಾಗಿಕೊಂಡರೆ ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ಮನೆಗಳಲ್ಲಿ ಹಿರಿಯರ ಭಾವಚಿತ್ರಗಳನ್ನು ಮೇಲ್ಭಾಗ ಮುಂದಕ್ಕೆ ಬಾಗಿರುವಂತೆ ಹಗ್ಗದಲ್ಲಿ ತೂಗುಹಾಕುವ ಪದ್ಧತಿಯಿದೆ. ಕೆಳಗೆ ಕುಳಿತವರಿಗೆ ಮುಖ ಸರಿಯಾಗಿ ಕಾಣುವುದರ ಜೊತೆಗೆ ಪಟದ ಹಿಂದೆ ಗಾಳಿಗೂ ದಾರಿಯಾಗುವ ಈ ಪದ್ಧತಿಯನ್ನು ಸಸ್ಯಚಿತ್ರಗಳಿಗೂ ಬಳಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಸುಣ್ಣದ ಗಾರೆಗೆ ಪ್ರತಿ ಚಿತ್ರಕ್ಕೂ ಒಂದೊಂದು ಮೊಳೆ ಹೊಡೆದರೆ ಗಾರೆ ಉದುರುತ್ತದೆ; ಮುಚ್ಚಿಗೆಯ ಕೆಳಗೆ ಉದ್ದಕ್ಕೂ ಒಂದು ಮರದ ಪಟ್ಟಿ ಕೂರಿಸಿ, ಅದರಿಂದ ಹಗ್ಗ ಇಳಿಬಿಟ್ಟರೆ ಚಿತ್ರಗಳನ್ನು ಬೇಕಾದಾಗ ಸರಿಸಬಹುದು, ಮಳೆಗಾಲಕ್ಕೆ ಇಳಿಸಿಡಲೂಬಹುದು.

ಎಲ್ಲ ಚೌಕಟ್ಟುಗಳೂ ಒಂದೇ ತೆರನಾಗಿರುವುದು ಕಾಟೇಜ್ ಶೈಲಿಗೆ ಒಗ್ಗುವುದಿಲ್ಲ. ಹಳೆಯ ಪಟಗಳ ತೇಗದ ಕಟ್ಟುಗಳು ಮನೆಯ ಅಟ್ಟದಲ್ಲಿ ಇದ್ದರೆ ಗೆದ್ದಲು ಹಿಡಿದಿದೆಯೇ ಎಂದು ನೋಡಿ ಅವುಗಳನ್ನೇ ಬಳಸಿ, ಅವುಗಳ ಅಳತೆಗೆ ತಕ್ಕಂತೆ ಚಿತ್ರವನ್ನು ಅಚ್ಚು ಹಾಕಿಸಿ. ಅಡುಗೆಮನೆಗೆ ಮಾತ್ರ ಒಳ್ಳೆಯ ಚೌಕಟ್ಟನ್ನು ವ್ಯಯಿಸಬೇಡಿ. ಅಲ್ಲಿ ಒಗ್ಗರಣೆಯ ಹೊಗೆ, ಜಿಡ್ಡು, ಆವಿ ಎಲ್ಲವೂ ಇರುವುದರಿಂದ ಕಾಳುಮೆಣಸಿನ ಚಿತ್ರವನ್ನು ಲೇಸರಿನಲ್ಲಿ ತೆಗೆಸಿ ಲ್ಯಾಮಿನೇಷನ್ ಮಾಡಿಸಿ ಒಂದು ತೆಳು ಪಟ್ಟಿಗೆ ಸಿಕ್ಕಿಸಿದ್ದೇನೆ. ಕಡತ ನಮ್ಮಲ್ಲಿಯೇ ಇರುವುದರಿಂದ ಹಾಳಾದಾಗ ಮತ್ತೊಂದನ್ನು ತೆಗೆಸಬಹುದು. ಪ್ರತಿಯೊಂದು ಕಟ್ಟಿನ ಹಿಂಬದಿಯಲ್ಲಿ ಗಿಡದ ಹೆಸರು, ಗ್ರಂಥ, ಸಂಪುಟ ಮತ್ತು ಅಚ್ಚಾದ ವರ್ಷವನ್ನು ಪೆನ್ಸಿಲಿನಲ್ಲಿ ಬರೆದಿಡುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಮುಂದೆ ಅಟ್ಟದ ಮೆಟ್ಟಿಲುಗಳ ಬದಿಯ ಪೂರ್ವದ ಗೋಡೆಗೆ ಅಡಿಕೆಯ ಚಿತ್ರಗಳನ್ನು ಸಾಲಾಗಿ ಹಾಕುವ ಯೋಚನೆಯಿದೆ. ಹೋರ್ಟಸ್‌ನ ಮೊದಲ ಸಂಪುಟದಲ್ಲಿ ಅಡಿಕೆಗೇ ನಾಲ್ಕು ಚಿತ್ರಗಳಿವೆ.